ಕಡಲ ಗಾಳಿಯಲ್ಲಿ ಹಾರ್ಮೋನಿಯಂ

ಹುಬ್ಬಳ್ಳಿಯಿಂದ ಹೊರಟು ಯಲ್ಲಾಪುರ ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಬರುವವರಿಗೆ ಮೊದಲು ಅರಿವಾಗುವುದು ಗಾಳಿಯ ಬದಲಾವಣೆ. ಬಯಲುಸೀಮೆಯ ಒಣಗಾಳಿ ಘಟ್ಟದ ಮೇಲೆಯೇ ಉಳಿಯುತ್ತದೆ. ಕೆಳಗೆ ಬೀಸುವುದು ಉಪ್ಪನ್ನೂ ತೇವವನ್ನೂ ಹೊತ್ತ ಗಾಳಿ. ಅಲ್ಲಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರು ಸಾಗಿದರೆ ಕಾರವಾರ. ಊರಿನ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತರುಣ ಕವಿ ಕೆಲಕಾಲ ತಂಗಿದ್ದರು. ನಾನು ಹೇಳಹೊರಟಿರುವ ಹಾರ್ಮೋನಿಯಂ ಮಾತ್ರ ಅವರಿಗೆ ಒಗ್ಗದ ವಾದ್ಯ. 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿದ್ದರ ಹಿಂದೆ ಅವರ ಒತ್ತಾಯವೂ ಇತ್ತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಆದರೂ ನಮ್ಮ ಮನೆಗಳಲ್ಲಿ ವಚನ ಹಾಡುವ ತಾಯಂದಿರ ಮುಂದೆ ಅದೇ ಪೆಟ್ಟಿಗೆ ಕುಳಿತಿದೆ. ಕವಿಗಳು ಕ್ಷಮಿಸಬೇಕು.

ಅಂಕೋಲೆಯಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರು ಶ್ರಾವಣ ಮಾಸದ ವಚನ ಗಾಯನಕ್ಕೆಂದು ಫೋನಿನಲ್ಲಿಯೇ ಹಾರ್ಮೋನಿಯಂ ತರಿಸಿದ್ದರು. ಬೆಲೆ ಅಗ್ಗ, ಮನೆಬಾಗಿಲಿಗೆ ಬಂದ ಪೆಟ್ಟಿಗೆ ನೋಡಲು ಬಹು ಅಂದ. ಮಳೆ ಹಿಡಿದ ಮೂರನೆಯ ವಾರ ಎರಡು ಕೀ ಒತ್ತಿದರೆ ಮೇಲೇಳದಾದವು. ಒಂದು ಸ್ವರ ತಾನಾಗಿ ಕೊರಗತೊಡಗಿತು. ಅಷ್ಟರಲ್ಲಿ ಹಿಂದಿರುಗಿಸುವ ಅವಧಿಯೂ ಮುಗಿದಿತ್ತು. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಸುರಿಯುವ ಈ ಕರಾವಳಿಯಲ್ಲಿ ಮರ ಉಬ್ಬುವುದು, ಹಿತ್ತಾಳೆಯ ರೀಡು ಕಿಲುಬು ಹಿಡಿಯುವುದು ಸಹಜ. ತಬಲಾದ ಚರ್ಮವಂತೂ ಶ್ರಾವಣದಲ್ಲಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಹಾಡು ಹೆಚ್ಚು ಬೇಕಾದ ತಿಂಗಳಲ್ಲಿಯೇ ವಾದ್ಯ ಕೈಕೊಡುವುದು ಕರಾವಳಿಯ ಮನೆಗಳ ಪಾಡು.

ಆದುದರಿಂದ ಕೊಳ್ಳುವ ಮುನ್ನ ಪರೀಕ್ಷೆ ಅಗತ್ಯ. ಯಾವ ಕೀಯನ್ನೂ ಒತ್ತದೆ ತಿದಿಯನ್ನು ತುಂಬಿ ನೋಡಿರಿ. ಬೇಗನೆ ಇಳಿದರೆ ಗಾಳಿ ಸೋರುತ್ತಿದೆಯೆಂದು ತಿಳಿಯಿರಿ. ಮೆಲ್ಲನೆ ಗಾಳಿ ಹಾಕಿ ಒಂದೊಂದೇ ಸ್ವರವನ್ನು ನುಡಿಸಿ, ಯಾವುದು ತಡವಾಗಿ ಮಾತಾಡುತ್ತದೆ ಎಂಬುದನ್ನು ಕೇಳಿರಿ. ಹಾಡುವವರು ಜೊತೆಗಿರುವುದು ಇನ್ನೂ ಒಳ್ಳೆಯದು. ತಾಯಿಯ ದನಿಗೆ ಯಾವ ಶ್ರುತಿ ಒಪ್ಪುವುದೆಂಬುದು ಚಿತ್ರದಲ್ಲಿ ಕಾಣುವ ಸಂಗತಿಯಲ್ಲ.

ಇಷ್ಟಾದರೂ ಊರಿನ ಅಂಗಡಿಯನ್ನು ಅತಿಯಾಗಿ ಹೊಗಳುವುದು ನ್ಯಾಯವಲ್ಲ. ಕಾರವಾರ, ಅಂಕೋಲೆಗಳು ಸಣ್ಣ ಪೇಟೆಗಳು, ಆಯ್ಕೆ ಕಡಿಮೆ. ಇಲ್ಲಿಯವರಿಗೆ ಒಳ್ಳೆಯ ವಾದ್ಯವೆಂದರೆ ಘಟ್ಟ ಹತ್ತಿ ಹುಬ್ಬಳ್ಳಿ, ಧಾರವಾಡ, ತಂಬೂರಿಯೆಂದರೆ ಮಿರಜ. ಮಿರಜದ ಸಿತಾರ್ ಹಾಗೂ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ತಂತಿ, ಮೈಕು, ಎಲೆಕ್ಟ್ರಾನಿಕ್ ತಂಬೂರಿಗಳನ್ನು ಅಂಚೆಯಲ್ಲಿ ತರಿಸಿದರೆ ಬಾಧಕವಿಲ್ಲ. ಅವುಗಳಿಗೆ ಮರದ ಮನಸ್ಸಿಲ್ಲ. ಮರ, ಚರ್ಮ, ರೀಡುಗಳ ಮಾತು ಬೇರೆ. ಅಲ್ಲಿ ನಾವು ಹಣ ಕೊಡುವುದು ವಾದ್ಯಕ್ಕೆ ಮಾತ್ರವಲ್ಲ, ಮುಂದಿನ ಮಳೆಗಾಲದಲ್ಲಿ ಅದನ್ನು ಬಿಚ್ಚಿ ಸರಿಪಡಿಸುವ ಕೈಗಳಿಗೂ. ಮಾರಾಟ ನಿಂತರೆ ಆ ಕೈಗಳು ಬೇರೆ ಕಸಬು ಹಿಡಿಯುತ್ತವೆ. ನಮ್ಮ ಬಂಧುಗಳ ಪೆಟ್ಟಿಗೆ ಕೊನೆಗೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬಂತು. ಅಷ್ಟರಲ್ಲಿ ಶ್ರಾವಣ ಕಳೆದಿತ್ತು.

ಆದರೆ ಅಂಕೋಲೆಯ ಸ್ವಂತ ವಾದ್ಯವೊಂದಿದೆ. ಅದುವೇ ಹಾಲಕ್ಕಿ ಒಕ್ಕಲಿಗರ ಗುಮಟೆ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಇನ್ನೊಂದು ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಾಗ ಹಾಲಕ್ಕಿ ಹಾಡುಗಳ ಹೆಸರು ನಾಡಿನಾದ್ಯಂತ ಕೇಳಿಸಿತು. 2025ರಲ್ಲಿ ಆ ತಾಯಿ ನಮ್ಮನ್ನಗಲಿದರು. ನೆರೆಯ ಗೋವೆಯು ಇದೇ ಬಗೆಯ ತನ್ನ ಘುಮಟವನ್ನು 2019ರಲ್ಲಿ ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿದೆ. ಹಿಂದೆ ಇದಕ್ಕೆ ಉಡದ ಚರ್ಮವನ್ನು ಹೊದಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಉಡ ರಕ್ಷಿತ ಪ್ರಾಣಿ. ಅದರ ಚರ್ಮದ್ದೆಂದು ಅಂಗಡಿಯಲ್ಲಾಗಲಿ ಫೋನಿನಲ್ಲಾಗಲಿ ಯಾರಾದರೂ ಮಾರಲು ಬಂದರೆ ಕೊಳ್ಳಲಾಗದು. ಆಡಿನ ಚರ್ಮದ ಗುಮಟೆ ಬೇಕಾದವರು ಸುಗ್ಗಿಯ ದಿನಗಳಲ್ಲಿ ಅಂಕೋಲೆಯ ಹಳ್ಳಿಗಳಲ್ಲಿ ವಿಚಾರಿಸಬಹುದು. ಹೋಗುವಾಗ ಬಿಸಿಲೇರಿದ ಹೊತ್ತನ್ನೇ ಆರಿಸಿಕೊಳ್ಳಿರಿ. ಚರ್ಮ ಒಣಗಿರುವಾಗಲೇ ಅದರ ನಿಜವಾದ ದನಿ ತಿಳಿಯುವುದು.