ಹತ್ತರಗಿಯಿಂದ ಬಸ್ತಾಕ್ಕೆ ಎರಡು ದಾರಿ

ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಹೊರಟವರಿಗೆ ವಂಟಮುರಿ ಘಾಟು ದಾಟಿದ ಮೇಲೆ ಹತ್ತರಗಿ ಸಿಗುತ್ತದೆ. ಹುಕ್ಕೇರಿ ತಾಲ್ಲೂಕಿನ ಈ ಊರು ಹೊರಗಿನವರಿಗೆ ಪರಿಚಿತವಾಗಿರುವುದು ಹೆದ್ದಾರಿಯ ಟೋಲ್ ನಾಕೆಯಿಂದ. ಪಕ್ಕದಲ್ಲೇ ಯಮಕನಮರಡಿ, ಆಚೆಗೆ ಹಿಡಕಲ್ ಜಲಾಶಯ. ಸುತ್ತಮುತ್ತಲಿನ ಹೊಲಗಳಲ್ಲಿ ಕಬ್ಬು. ಕಾರ್ಖಾನೆಗಳು ಕಬ್ಬು ನುರಿಸುವುದು ಮುಗಿದು ಬಿಲ್ಲು ಕೈಗೆ ಬಂದಿತೆಂದರೆ ಈ ಭಾಗದಲ್ಲಿ ಮದುವೆಯ ಕಾಲ. ಮದುವೆಯೆಂದರೆ ಮೊದಲಿಗೆ ಬಸ್ತಾ.

ಮದುವೆಯ ಜವಳಿಯನ್ನೆಲ್ಲ ಒಂದೇ ಸಲಕ್ಕೆ ಖರೀದಿಸಿ ಗಂಟು ಕಟ್ಟಿಸಿಕೊಂಡು ಬರುವುದಕ್ಕೆ ಗಡಿಭಾಗದಲ್ಲಿ ಬಸ್ತಾ ಕಟ್ಟುವುದು ಎನ್ನುತ್ತಾರೆ. ಮದುಮಗಳ ಧಾರೆ ಸೀರೆ, ಮದುಮಗನ ಬಟ್ಟೆ, ಎರಡೂ ಕಡೆಯ ಬೀಗರಿಗೆ, ಅತ್ತೆ-ಮಾವಂದಿರಿಗೆ, ಸೋದರತ್ತೆ, ಚಿಕ್ಕಮ್ಮ, ನಾದಿನಿಯರಿಗೆ ಆಯೇರಿ, ಎಲ್ಲವೂ ಅದರಲ್ಲಿ ಸೇರಬೇಕು. ಮದುಮಗಳ ಸೀರೆ ಗಂಡಿನವರದು, ಮದುಮಗನ ಬಟ್ಟೆ ಹೆಣ್ಣಿನವರದು ಎಂಬುದು ಹಲವು ಮನೆಗಳ ರೂಢಿ. ಆದ್ದರಿಂದ ಎರಡೂ ಮನೆಯವರು ಒಂದೇ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಹತ್ತರಗಿಯಂಥ ಊರಿನಿಂದ ಹೊರಟವರಿಗೆ ಎರಡು ದಾರಿಗಳುಂಟು. ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕೊಲ್ಹಾಪುರದ ಮಗ್ಗುಲಿನ ಗಾಂಧಿನಗರ; ದಕ್ಷಿಣಕ್ಕೆ ಹೋದರೆ ಬೆಳಗಾವಿ. ಅಗ್ಗದ ಮಾತು ಬಂದಾಗ ಹೆಚ್ಚಾಗಿ ಕೇಳಿಬರುವ ಹೆಸರು ಗಾಂಧಿನಗರದ್ದು.

ಉತ್ತರದ ದಾರಿ

ಹತ್ತರಗಿಯಿಂದ ಗಾಂಧಿನಗರಕ್ಕೆ ಸುಮಾರು 70 ಕಿಲೋಮೀಟರು. ದಾರಿಯಲ್ಲಿ ಈ ನದಿಗಳು ಸಿಗುತ್ತವೆ: ಸಂಕೇಶ್ವರದ ಬಳಿ ಹಿರಣ್ಯಕೇಶಿ, ನಿಪ್ಪಾಣಿಯ ಸಮೀಪ ಯಮಗರ್ಣಿಯಲ್ಲಿ ವೇದಗಂಗಾ, ಗಡಿಯಲ್ಲಿ ದೂಧಗಂಗಾ. 2019 ಮತ್ತು 2021ರ ಮಳೆಗಾಲಗಳಲ್ಲಿ ವೇದಗಂಗೆ ಉಕ್ಕಿ ಯಮಗರ್ಣಿಯಲ್ಲಿ ಹೆದ್ದಾರಿಯನ್ನೇ ಮುಳುಗಿಸಿದ್ದಳು. ಕೊಗನೋಳಿ ದಾಟಿದರೆ ಮಹಾರಾಷ್ಟ್ರ. ಕಾಗಲ್ ಕಳೆದು, ಕೊಲ್ಹಾಪುರ ನಗರದೊಳಕ್ಕೆ ಹೋಗದೆ, ಉಚಗಾಂವದ ಬಳಿ ಪೂರ್ವಕ್ಕೆ ಹೊರಳಿದರೆ ಸಾಲು ಸಾಲಾಗಿ ಬಟ್ಟೆ ಅಂಗಡಿಗಳೇ ಇರುವ ಊರು ಎದುರಾಗುತ್ತದೆ.

ಈ ಊರಿನ ಹಿಂದಿನ ಕಥೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಇಲ್ಲಿಯ ವಳಿವಡೆ ಗ್ರಾಮದ ಬಳಿ ಪೋಲೆಂಡ್ ದೇಶದ ನಿರಾಶ್ರಿತರಿಗಾಗಿ ಒಂದು ಶಿಬಿರ ತೆರೆಯಲಾಯಿತು. ಸೋವಿಯತ್ ಆಡಳಿತ ತಮ್ಮ ಮನೆಗಳಿಂದ ಎಬ್ಬಿಸಿ ಸೈಬೀರಿಯಾದಂಥ ದೂರದ ಸೀಮೆಗಳಿಗೆ ಅಟ್ಟಿದ್ದ ಜನ ಅವರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಸುಮಾರು 5,000 ಮಂದಿ ಇಲ್ಲಿ ಬ್ಯಾರಕ್ಕುಗಳಲ್ಲಿ ವಾಸವಾಗಿದ್ದರು. ಅವರಿಗೆ ಇಲ್ಲಿ ಶಾಲೆಗಳಿದ್ದವು, ಚರ್ಚ್ ಇತ್ತು. 1948ರ ಹೊತ್ತಿಗೆ ಅವರು ಹೊರಟುಹೋದರು. ಅಷ್ಟರಲ್ಲಿ ದೇಶ ವಿಭಜನೆಯಾಗಿ ಸಿಂಧ್ ಪ್ರಾಂತದಿಂದ ಎಲ್ಲವನ್ನೂ ಬಿಟ್ಟುಬಂದ ಸಿಂಧಿ ಕುಟುಂಬಗಳಿಗೆ ನೆಲೆ ಬೇಕಾಗಿತ್ತು. ಒಂದು ನಿರಾಶ್ರಿತ ಜನಾಂಗ ತೆರವು ಮಾಡಿದ ಜಾಗಕ್ಕೆ ಇನ್ನೊಂದು ನಿರಾಶ್ರಿತ ಜನಾಂಗ ಬಂದಿತು. ಊರು ಗಾಂಧಿನಗರವಾಯಿತು. ಬಂದವರು ಬಟ್ಟೆಯ ವ್ಯಾಪಾರ ಹಿಡಿದರು. ಹೊಲವಿಲ್ಲದ, ಬಂಧುಬಳಗವಿಲ್ಲದ ಹೊಸ ನಾಡಿನಲ್ಲಿ ಕಡಿಮೆ ಲಾಭಕ್ಕೆ ಹೆಚ್ಚು ಮಾಲು ಮಾರುವುದೇ ಅವರ ಬಂಡವಾಳ. ಇಂದು ದಕ್ಷಿಣ ಮಹಾರಾಷ್ಟ್ರ, ಉತ್ತರ ಕರ್ನಾಟಕಗಳ ಸಣ್ಣ ಅಂಗಡಿಕಾರರು ಮಾಲು ತರುವ ದೊಡ್ಡ ಸಗಟು ಪೇಟೆ ಇದು.

ಅಗ್ಗ ಎಲ್ಲಿಂದ ಬರುತ್ತದೆ?

ಅಂಗಡಿಯವನು ಅಗ್ಗಕ್ಕೆ ಕೊಡುವುದು ಕರುಣೆಯಿಂದಲ್ಲ. ಸಗಟು ಪೇಟೆಯಲ್ಲಿ ಮಾಲು ಗಂಟುಗಟ್ಟಲೆ ಬರುತ್ತದೆ, ಗಂಟುಗಟ್ಟಲೆ ಹೋಗುತ್ತದೆ. ನಡುವಿನ ಒಬ್ಬಿಬ್ಬರು ವ್ಯಾಪಾರಿಗಳ ಲಾಭ, ಊರೂರಿನ ಅಂಗಡಿ ಬಾಡಿಗೆ ಇವೆಲ್ಲ ಬೆಲೆಯಿಂದ ಕಳೆಯುತ್ತವೆ. ಸೂರತ್ತಿನ ಯಂತ್ರಮಗ್ಗಗಳಲ್ಲಿ ನೇಯ್ದ ಪಾಲಿಯೆಸ್ಟರ್ ಸೀರೆ ಒಂದರಂತೆ ಒಂದು ಇರುವುದರಿಂದ ಅದನ್ನು ಡಜನ್ ಲೆಕ್ಕದಲ್ಲಿ ಕೊಂಡರೂ ಮೋಸವಾಗುವ ಭಯ ಕಡಿಮೆ. ಆಯೇರಿಗೆ ಬೇಕಾದದ್ದೂ ಇಂಥ ಸೀರೆಯೇ. ಆದ್ದರಿಂದ ಗಾಂಧಿನಗರದ ನಿಜವಾದ ಉಳಿತಾಯವಿರುವುದು ಆಯೇರಿಯಲ್ಲಿ.

ಲೆಕ್ಕ ಹಾಕಿ ನೋಡಬಹುದು. ಊರಿನಲ್ಲಿ 300 ರೂಪಾಯಿಗೆ ಸಿಗುವ ಸೀರೆ ಸಗಟಿನಲ್ಲಿ 240ಕ್ಕೆ ಸಿಕ್ಕಿತೆಂದುಕೊಳ್ಳಿ. 40 ಸೀರೆಗೆ ಉಳಿಯುವುದು 2,400 ರೂಪಾಯಿ. ಹತ್ತೇ ಸೀರೆಯಾದರೆ 600. ಹೋಗಿಬರಲು 140 ಕಿಲೋಮೀಟರು ಗಾಡಿ ಬಾಡಿಗೆ, ಹನ್ನೆರಡು ಜನರ ಊಟ, ಚಹಾ, ಟೋಲ್ ಇವನ್ನೆಲ್ಲ ಈ ಉಳಿತಾಯದಿಂದ ಕಳೆಯಬೇಕು. ಆಯೇರಿಯ ಪಟ್ಟಿ ಚಿಕ್ಕದಾಗಿದ್ದರೆ ಸಂಕೇಶ್ವರ ಅಥವಾ ಹುಕ್ಕೇರಿಯ ಅಂಗಡಿಯೇ ಅಗ್ಗ. ಪಟ್ಟಿ ದೊಡ್ಡದಾಗಿದ್ದರೂ ಹನ್ನೆರಡು ಜನರ ಬದಲು ನಾಲ್ವರು ಬಸ್ಸಿನಲ್ಲಿ ಹೋದರೆ ಲಾಭ ಹೆಚ್ಚು.

ಇನ್ನು ಎಲ್ಲ ಪೇಟೆಗಳಲ್ಲೂ ತೂಗುವ ರಿಯಾಯಿತಿ ಫಲಕಗಳು. ಶೇಕಡಾವಾರು ಲೆಕ್ಕ ಕಲಿತ ಏಳನೆಯ ತರಗತಿಯ ಹುಡುಗಿ ಇವುಗಳ ಗುಟ್ಟು ಬಿಡಿಸಬಲ್ಲಳು. 1,000 ರೂಪಾಯಿಯ ಸೀರೆಗೆ 1,600 ಎಂದು ಚೀಟಿ ಅಂಟಿಸಿ ಶೇಕಡಾ 40 ಸೋಡಿ ಕೊಟ್ಟರೆ ಬೆಲೆ 960. ನಿಜವಾದ ಸೋಡಿ 40 ರೂಪಾಯಿ ಮಾತ್ರ! ‘ಶೇಕಡಾ 50, ಅದರ ಮೇಲೆ ಶೇಕಡಾ 20’ ಎಂಬುದು 70 ಆಗುವುದಿಲ್ಲ. 1,000ಕ್ಕೆ ಮೊದಲು 500 ಆಗಿ, ಆ 500ರಲ್ಲಿ ಶೇಕಡಾ 20 ಹೋಗಿ 400 ಆಗುತ್ತದೆ, ಅಂದರೆ ಶೇಕಡಾ 60. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರರಲ್ಲಿ ಒಂದು ಭಾಗ ಸೋಡಿ, ಅದೂ ಮೂರು ಸೀರೆ ಬೇಕಾಗಿದ್ದರೆ ಮಾತ್ರ. ಫಲಕದ ಮೇಲಿನ ಶೇಕಡಾವನ್ನು ಬಿಟ್ಟು, ಅದೇ ಸೀರೆಗೆ ಬೇರೆ ಎರಡು ಅಂಗಡಿಗಳಲ್ಲಿ ಹೇಳುವ ಬೆಲೆಯನ್ನು ಕೇಳುವುದೇ ಸರಿಯಾದ ಪರೀಕ್ಷೆ.

ನಿಜವಾದ ಸೋಡಿಯ ಕಾಲವೂ ಒಂದುಂಟು. ಆಷಾಢದಲ್ಲಿ ಸಾಮಾನ್ಯವಾಗಿ ಮದುವೆಗಳಿಲ್ಲ. ಅಂಗಡಿಯವರಿಗೆ ಹಳೆಯ ಮಾಲು ತೆರವು ಮಾಡಬೇಕು. ತುಳಸಿ ಲಗ್ನದ ನಂತರ ಮದುವೆ ಇಟ್ಟುಕೊಂಡವರು ಆಷಾಢದಲ್ಲೇ ಜವಳಿ ತೆಗೆದರೆ ಚೌಕಾಸಿಗೆ ಬಲ ಬರುತ್ತದೆ. ಎಳೆ ತಪ್ಪಿದ, ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದ ‘ಸೆಕೆಂಡ್ಸ್’ ಮಾಲು ಕೂಡ ಅಗ್ಗ. ದೋಷ ನಿರಿಗೆಯೊಳಗೆ ಅಡಗುವಂತಿದ್ದರೆ ತೊಂದರೆಯಿಲ್ಲ, ಸೆರಗಿನ ಮೇಲಿದ್ದರೆ ಬೇಡ. ಹಗಲ ಬೆಳಕಿನಲ್ಲಿ ಸೀರೆಯನ್ನು ಪೂರ್ತಿ ಬಿಚ್ಚಿಸಿ ನೋಡಬೇಕು. ರವಿಕೆ ಕಣ ಬಿಟ್ಟು ಐದೂವರೆ ಮೀಟರು ಉದ್ದ ಇದೆಯೇ ಎಂದು ಅಳೆಯಬೇಕು.

ನೂಲು ಹೇಳುವ ನಿಜ

ಆಯೇರಿಯ ಸೀರೆಗೆ ಇಷ್ಟು ಸಾಕು. ಆದರೆ ಧಾರೆ ಸೀರೆಯನ್ನು ರೇಷ್ಮೆ ಎಂದು ನಂಬಿ ಹಣ ಕೊಡುವಾಗ ನೂಲಿನ ಪರಿಚಯ ಬೇಕು. ‘ಆರ್ಟ್ ಸಿಲ್ಕ್’ ಎಂಬ ಮಾತಿಗೆ ಕಲೆಗೂ ಸಂಬಂಧವಿಲ್ಲ, ರೇಷ್ಮೆ ಹುಳುವಿಗೂ ಸಂಬಂಧವಿಲ್ಲ. ಅದು ಕೃತಕ ರೇಷ್ಮೆ. ಸಾಮಾನ್ಯವಾಗಿ ಮರದ ತಿರುಳಿನಿಂದ ತಯಾರಿಸಿದ ರೇಯಾನ್. ರೇಷ್ಮೆ ಪ್ರೋಟೀನು, ಹತ್ತಿ ಮತ್ತು ರೇಯಾನ್ ಸೆಲ್ಯುಲೋಸು, ಪಾಲಿಯೆಸ್ಟರ್ ಪೆಟ್ರೋಲಿಯಮ್ಮಿನಿಂದ ಹುಟ್ಟಿದ್ದು. ಮೂರೂ ಬೆಂಕಿಯಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ.

ಸೀರೆಯ ಅಂಚಿನಿಂದ ಹಾಸು ಮತ್ತು ಹೊಕ್ಕಿನ ಒಂದೆರಡು ಎಳೆಗಳನ್ನು ಅಂಗಡಿಯವರಿಂದ ಕೇಳಿ ಪಡೆದು, ಹೊರಗೆ, ಹಿರಿಯರ ಎದುರಿನಲ್ಲಿ, ಚಿಮಟದಿಂದ ಹಿಡಿದು ಸುಟ್ಟು ನೋಡಬಹುದು. ನಿಜ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಜ್ವಾಲೆ ತೆಗೆದರೆ ಬೇಗ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಕೂದಲೂ ಪ್ರೋಟೀನೇ ಆಗಿರುವುದರಿಂದ ಆ ವಾಸನೆ. ಹತ್ತಿ, ರೇಯಾನ್ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು ಒಂದು ಜಾತಿ, ಹೊಕ್ಕು ಇನ್ನೊಂದು ಜಾತಿಯಾಗಿರುವುದೂ ಉಂಟು. ಅದಕ್ಕಾಗಿಯೇ ಎರಡೂ ಎಳೆಗಳನ್ನು ನೋಡಬೇಕು. ಸುಡುವ ಗೋಜು ಬೇಡವೆನ್ನುವವರಿಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ‘ಸಿಲ್ಕ್ ಮಾರ್ಕ್’ ಚೀಟಿ ಇದೆ. ಅದು ರೇಷ್ಮೆಗೆ ಮಾತ್ರ ಸಾಕ್ಷಿ, ಜರಿಗಲ್ಲ ಎಂಬುದನ್ನು ನೆನಪಿಡಬೇಕು.

ದಕ್ಷಿಣದ ದಾರಿ

ಧಾರೆ ಸೀರೆಯ ಮಟ್ಟಿಗೆ ದಕ್ಷಿಣದ ದಾರಿಯನ್ನೂ ಯೋಚಿಸಬೇಕು. ಘಾಟು ಹತ್ತಿ, ಕಿತ್ತೂರು ಚೆನ್ನಮ್ಮನ ತವರೂರು ಕಾಕತಿಯನ್ನು ದಾಟಿದರೆ ಬೆಳಗಾವಿ. ಖಡೇಬಜಾರಿನ ಅಂಗಡಿಗಳು ಎಲ್ಲರಿಗೂ ಗೊತ್ತು. ಆದರೆ ಅದೇ ನಗರದ ಶಹಾಪುರ, ವಡಗಾವಿ, ಖಾಸಬಾಗಗಳಲ್ಲಿ ಮಗ್ಗಗಳ ಸದ್ದು ಓಣಿಗೇ ಕೇಳಿಸುತ್ತದೆ. ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರ ನೇಕಾರಿಕೆಗೆ ಹೆಸರಾದ ಊರು. ಈಗ ಹೆಚ್ಚಿನವು ಯಂತ್ರಮಗ್ಗಗಳು. 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತಾಗ ಈ ಮಗ್ಗಗಳೂ ನಿಂತು ನೇಕಾರರ ಮನೆಗಳು ಕಂಗೆಟ್ಟಿದ್ದವು. ಬೇರೆಯವರ ಮನೆಯ ಮದುವೆ ನೇಕಾರನ ಮನೆಯ ಊಟ ಎಂಬುದು ಆಗ ಎಲ್ಲರಿಗೂ ಕಂಡಿತು.

ಇಳಕಲ್ ಸೀರೆ ಬೇಕೆನ್ನುವವರು ಸೆರಗು ಮತ್ತು ಮೈ ಕೂಡುವ ಜಾಗವನ್ನು ನೋಡಬೇಕು. ಕೈಮಗ್ಗದಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಟೋಪು ತೆನೆಯ ಸೆರಗು, ಹತ್ತಿಯ ಮೈ ಇರುವ ಇಂಥ ಸೀರೆ ಪೂರ್ಣ ರೇಷ್ಮೆಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಮದುವೆಯಾದ ಮೇಲೂ ಹಬ್ಬ ಹುಣ್ಣಿಮೆಗೆ ಉಡಲು ಬರುತ್ತದೆ. ಒಮ್ಮೆ ಉಟ್ಟು ಟ್ರಂಕಿಗೆ ಸೇರುವ 20,000 ರೂಪಾಯಿಯ ಸೀರೆಗಿಂತ ಇಪ್ಪತ್ತು ಸಲ ಉಡುವ 4,000ದ ಸೀರೆ ಎಷ್ಟು ಅಗ್ಗ ಎಂಬುದನ್ನು ಭಾಗಾಕಾರ ಬಲ್ಲವರು ಹೇಳಬಲ್ಲರು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿ ಹಬ್ಬದ ರಿಯಾಯಿತಿ ಇರುತ್ತದೆ.

ಬೆಳಗಾವಿ ತಾಲ್ಲೂಕಿನ ಹುದಲಿ ಗ್ರಾಮವನ್ನೂ ಇಲ್ಲಿ ನೆನೆಯಬೇಕು. ‘ಕರ್ನಾಟಕ ಸಿಂಹ’ ಗಂಗಾಧರರಾವ್ ದೇಶಪಾಂಡೆಯವರ ಈ ಊರು ಖಾದಿಗೆ ಹೆಸರಾದದ್ದು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಆ ದಿನಗಳಲ್ಲೇ ಇಲ್ಲಿ ಅವರ ಮೊಮ್ಮಗಳ ಮದುವೆಯೂ, ಅವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ತಂಗಿಯ ಮದುವೆಯೂ ನಡೆದವು. ಇಡೀ ದೇಶ ತಲೆಬಾಗುತ್ತಿದ್ದ ಮನುಷ್ಯ ಮೊಮ್ಮಗಳ ಮದುವೆಯನ್ನು ಒಂದು ಹಳ್ಳಿಯಲ್ಲಿ, ಸಮ್ಮೇಳನದ ಕೆಲಸದ ನಡುವೆ ಮುಗಿಸಿದ ಸಂಗತಿ ನಮ್ಮ ಜಿಲ್ಲೆಯದೇ.

ಚೀಟಿ ಮನೆಯಲ್ಲೇ ಬರೆಯಬೇಕು

ಬಸ್ತಾದ ಖರ್ಚು ಕೈಮೀರುವುದು ಅಂಗಡಿಯವನ ಜಾಣತನದಿಂದ ಮಾತ್ರವಲ್ಲ. ಬೀಗರ ಎದುರಿನಲ್ಲಿ ‘ಇದು ಬೇಡ, ತುಟ್ಟಿಯಾಯಿತು’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಗಂಡಿನವರು ಸಣ್ಣತನ ಕಂಡೀತೆಂದು ಒಂದು ಮೆಟ್ಟಿಲು ಮೇಲಿನ ಸೀರೆ ತೆಗೆಸುತ್ತಾರೆ. ಅದಕ್ಕೆ ಸರಿಗಟ್ಟಲು ಹೆಣ್ಣಿನವರು ಸೂಟಿನ ಬಟ್ಟೆಯಲ್ಲಿ ಒಂದು ಮೆಟ್ಟಿಲು ಏರುತ್ತಾರೆ. ಸಂಜೆ ಗಂಟು ಕಟ್ಟುವಾಗ ಎರಡೂ ಮನೆಯವರು ಮನಸ್ಸಿನಲ್ಲೇ ಸಾಲದ ಲೆಕ್ಕ ಹಾಕುತ್ತಿರುತ್ತಾರೆ. ಮುಂದಿನ ವರ್ಷದ ಕಬ್ಬಿನ ಬಿಲ್ಲು ಈ ವರ್ಷದ ಬಸ್ತಾಕ್ಕೆ ಹೋದರೆ ಮನೆಯಲ್ಲಿ ಇನ್ನೂ ಕಾಲೇಜು ಓದುವ ತಮ್ಮನ, ತಂಗಿಯ ಫೀಜು ಎಲ್ಲಿಂದ ಬರಬೇಕು?

ಇದಕ್ಕೆ ಮದ್ದು ಸುಲಭ. ನಿಶ್ಚಯದ ದಿನವೇ ಎರಡೂ ಮನೆಯ ಹಿರಿಯರು ಕುಳಿತು ಧಾರೆ ಸೀರೆಗೆ ಇಷ್ಟು, ಮದುಮಗನ ಬಟ್ಟೆಗೆ ಇಷ್ಟು, ಆಯೇರಿಗೆ ಇಷ್ಟು ಎಂದು ಅಂಕಿ ಹಾಕಬೇಕು. ಅಳತೆಗೋಲು ಬೇಕಾದರೆ, 2020ರಲ್ಲಿ ಜಾರಿಗೆ ಬಂದ ಮುಜರಾಯಿ ಇಲಾಖೆಯ ‘ಸಪ್ತಪದಿ’ ಸಾಮೂಹಿಕ ವಿವಾಹ ಯೋಜನೆಯಲ್ಲಿ ಸರ್ಕಾರ ವಧುವಿನ ಧಾರೆ ಸೀರೆ, ರವಿಕೆ ಕಣ, ಹೂವಿನ ಹಾರಕ್ಕೆ 10,000 ರೂಪಾಯಿ, ವರನ ಉಡುಪಿಗೆ 5,000 ರೂಪಾಯಿ ಎಂದು ನಿಗದಿ ಮಾಡಿತ್ತು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹಗಳಲ್ಲಿ ಎಲ್ಲ ಮದುಮಕ್ಕಳೂ ಕ್ಷೇತ್ರದವರು ಕೊಟ್ಟ ಸೀರೆ, ಧೋತರ ಉಟ್ಟೇ ಹಸೆಮಣೆ ಏರುತ್ತಾರೆ. ಅವರ ಸಂಸಾರಗಳಿಗೆ ಅದರಿಂದ ಯಾವ ಕೊರತೆಯೂ ಆಗಿಲ್ಲ.

ಇನ್ನೊಂದು ಮಾತು. ಹನ್ನೆರಡು ಜನ ಆರಿಸುವ ಸೀರೆಯನ್ನು ಉಡುವವಳು ಒಬ್ಬಳು. ಬಣ್ಣ ಯಾವುದು, ಭಾರ ಎಷ್ಟು, ಮುಂದೆ ಉಡಲು ಬರುತ್ತದೆಯೇ ಎಂಬುದನ್ನು ಅವಳನ್ನು ಮೊದಲು ಕೇಳಬೇಕು. ಕಲಿತ ಹೆಣ್ಣುಮಕ್ಕಳಿಗೆ ಅಪ್ಪನ ಜೇಬಿನ ಅಂದಾಜು ಚೆನ್ನಾಗಿಯೇ ಇರುತ್ತದೆ. ಅವಳ ಕೈಯಲ್ಲೇ ಆ ಚೀಟಿಯನ್ನೂ ಒಂದು ಪೆನ್ಸಿಲನ್ನೂ ಕೊಟ್ಟರೆ, ಗಾಡಿ ಉತ್ತರಕ್ಕೆ ಹೋದರೂ ಸರಿ, ದಕ್ಷಿಣಕ್ಕೆ ಹೋದರೂ ಸರಿ, ಗಂಟು ಹಗುರಾಗಿ ಮನೆ ಸೇರುತ್ತದೆ.