ಶಿರಸಿಯ ಕುಲುಮೆಯೂ ಮನೆಯ ಕೈಗೊಡಲಿಯೂ

ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು ನೂರು ಕಿಲೋಮೀಟರುಗಳ ಹಾದಿ. ತಡಸವನ್ನು ದಾಟುವವರೆಗೆ ಬಯಲುಸೀಮೆಯ ಲಕ್ಷಣವೇ ಕಣ್ಣಿಗೆ ಬೀಳುತ್ತಿರುತ್ತದೆ. ಮುಂಡಗೋಡು ಸಮೀಪಿಸಿದಂತೆ ಮಣ್ಣು ಕೆಂಪಾಗುತ್ತದೆ. ರಸ್ತೆಯ ಎರಡು ಮಗ್ಗುಲುಗಳಲ್ಲಿಯೂ ಸಾಗುವಾನಿಯ ಮರಗಳು ನೆಟ್ಟನೆ ನಿಲ್ಲುತ್ತವೆ. ಅಲ್ಲಿಂದ ಮುಂದೆ ಕಾಡು ದಟ್ಟವಾಗುತ್ತ ಹೋಗಿ, ಸಮುದ್ರಮಟ್ಟದಿಂದ ಸುಮಾರು 590 ಮೀಟರು ಎತ್ತರದಲ್ಲಿರುವ ಶಿರಸಿಯನ್ನು ಮುಟ್ಟುವ ಹೊತ್ತಿಗೆ ಬೀಸುವ ಗಾಳಿಯೇ ಬೇರೆಯಾಗಿರುತ್ತದೆ. ಈ ಊರಿಗೆ ಬರುವವರು ಬಹುಮಟ್ಟಿಗೆ ಮಾರಿಕಾಂಬೆಯ ದರ್ಶನಕ್ಕೋ, ಶಾಲ್ಮಲೆಯ ಹೊಳೆಯೊಳಗಿನ ಸಹಸ್ರಲಿಂಗಗಳನ್ನು ನೋಡುವುದಕ್ಕೋ ಬರುತ್ತಾರೆ. ಕಳೆದ ಮಾಘ ಮಾಸದಲ್ಲಿ ನಾನು ಅಲ್ಲಿಗೆ ಹೋದುದು ಒಂದು ಸಣ್ಣ ಕೊಡಲಿಯನ್ನು ಕೊಳ್ಳುವುದಕ್ಕೆ. ಇದನ್ನೋದಿ ನಗುವ ವಾಚಕರು ನಗಬಹುದು. ಆದರೆ ಉಪ್ಪಿನಕಾಯಿಗೆ ಅಪ್ಪೆಮಿಡಿಯನ್ನು ಹುಡುಕಿಕೊಂಡು ಇದೇ ಸೀಮೆಗೆ ಬರುವ ಗೃಹಸ್ಥರನ್ನು ಯಾರೂ ನಗುವುದಿಲ್ಲವಷ್ಟೆ.

ಪಟ್ಟಣದ ಕಬ್ಬಿಣದ ಅಂಗಡಿಗಳಲ್ಲಿ ಕೊಡಲಿಗಳಿಗೇನೂ ಬರಗಾಲವಿಲ್ಲ. ಕೆಂಪು ಬಣ್ಣ ಬಳಿದು, ಕಾವಿಗೆ ಮೆರುಗೆಣ್ಣೆ ಹಚ್ಚಿ, ಸಾಲಾಗಿ ತೂಗಹಾಕಿರುತ್ತಾರೆ. ಬಣ್ಣದ ಕೆಳಗಿರುವ ಲೋಹವೆಂತಹುದು, ಮೆರುಗಿನ ಕೆಳಗಿರುವ ಮರದ ಎಳೆ ಎತ್ತ ಹರಿದಿದೆ ಎಂಬುದು ಮಾತ್ರ ಕೊಳ್ಳುವವನಿಗೆ ಕಾಣಿಸದು. ಕೊಡಲಿಯನ್ನು ದಿನವೂ ಹಿಡಿಯುವ ಜನರಿರುವೆಡೆಯಲ್ಲಿ ಹೀಗೆ ನಡೆಯದು. ಶಿರಸಿಯ ಸುತ್ತಣ ಹಳ್ಳಿಗಳಲ್ಲಿ ಅಡುಗೆಗೆ ಅನಿಲ ಬಂದು ಬಹುಕಾಲವಾದರೂ ಬಚ್ಚಲ ಹಂಡೆಯ ಕೆಳಗೆ ಇಂದಿಗೂ ಸೌದೆಯೇ ಉರಿಯುತ್ತದೆ. ಕೊನೆಕೊಯ್ಲಿನ ಕಾಲದಲ್ಲಿ ಕೆಂಪಡಿಕೆಯನ್ನು ಬೇಯಿಸುವ ದೊಡ್ಡ ಒಲೆಗಳು ಬೆಳಗಿನಿಂದ ರಾತ್ರಿಯವರೆಗೆ ಬೆಂಕಿಯನ್ನು ಬೇಡುತ್ತವೆ. ಅಲ್ಲಿ ಬಾಯಿ ಮಡಿಯುವ ಕೊಡಲಿಯನ್ನು ಮಾರಿದ ಕಮ್ಮಾರನು ಮುಂದಿನ ಸಂತೆಯಲ್ಲಿ ಮುಖ ತೋರಿಸಲಾರನು.

ನನ್ನ ಆತಿಥೇಯರು ಅಡಿಕೆ ತೋಟದ ಹೆಗಡೆಯವರು. ಅವರು ನನ್ನನ್ನು ಕರೆದೊಯ್ದ ಕುಲುಮೆಯು ರಸ್ತೆಯಿಂದ ಕೆಳಗೆ, ಒಂದು ಹಲಸಿನ ಮರದ ನೆರಳಿನಲ್ಲಿತ್ತು. ತಿದಿಯ ಸ್ಥಾನದಲ್ಲಿ ಈಗ ವಿದ್ಯುತ್ತಿನ ಗಾಳಿಯಂತ್ರ ಬಂದಿದೆಯೆಂಬುದನ್ನು ಬಿಟ್ಟರೆ ಅಡಿಗಲ್ಲು, ಇಕ್ಕಳ, ಇದ್ದಿಲಿನ ರಾಶಿ ಎಲ್ಲವೂ ಹಿಂದಿನಂತೆಯೇ ಇದ್ದವು.

"ಆಚಾರ್ರೆ, ಇವರಿಗೆ ಮನೆಗೆಲಸಕ್ಕೆ ಒಂದು ಸಣ್ಣ ಕೊಡಲಿ ಬೇಕಂತೆ" ಎಂದು ಹೆಗಡೆಯವರು ಹೇಳಲಾಗಿ, ಆ ವೃದ್ಧರು ಬೆಂಕಿಯಿಂದ ಕಣ್ಣೆತ್ತದೆಯೇ, "ಬೀಸುವವರು ಯಾರು ರಾಯರೆ? ನೀವೋ, ಆಳೋ?" ಎಂದು ಕೇಳಿದರು.

"ನಾನೇ. ಒಮ್ಮೊಮ್ಮೆ ಮನೆಯವರೂ ಹಿಡಿಯಬಹುದು."

"ಹಾಗಾದರೆ ಕೈ ಚಾಚಿ ನೋಡುವಾ" ಎಂದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಕಡ್ಡಿಯನ್ನಿಟ್ಟು ಅಳೆದು ಮುರಿದುಕೊಂಡರು. ಕೈಗೊಡಲಿಯ ಕಾವು ಬೀಸುವವನ ಒಂದು ಮೊಳಕ್ಕೆ ಸರಿಯಾಗಿರಬೇಕೆಂಬುದು ಅವರ ಲೆಕ್ಕ. ತಲೆಯ ತೂಕ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋದೊಳಗೆ ಇದ್ದರೆ ಸಾಕು. ಅದಕ್ಕಿಂತ ಭಾರವಾದರೆ ಮಣಿಕಟ್ಟು ಸೋಲುತ್ತದೆ. ಹಗುರಾದರೆ ಕೊಡಲಿಯ ಬದಲು ಬೀಸುವವನೇ ಕೆಲಸ ಮಾಡಬೇಕಾಗುತ್ತದೆ.

ಮರುದಿನ ಬೆಳಿಗ್ಗೆ ನಮ್ಮ ಕೊಡಲಿಯು ಬೆಂಕಿಗೆ ಬಿದ್ದಿತು. ಮೆದುಕಬ್ಬಿಣದ ಒಂದು ದಪ್ಪ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಒಂದು ಗೂಟದ ಸುತ್ತ ಮಡಿಚಿ, ಕಾವಿನ ತೂತನ್ನು ಮಾಡಿದರು. ಮಡಿಕೆಯ ಎರಡು ತುಟಿಗಳ ನಡುವೆ ಹಳೆಯ ಲಾರಿಯ ಸ್ಪ್ರಿಂಗಿನ ಪಟ್ಟಿಯಿಂದ ಕತ್ತರಿಸಿದ ಉಕ್ಕಿನ ನಾಲಗೆಯೊಂದನ್ನು ಸೇರಿಸಿ, ಬಿಳಿಗಾರವನ್ನು ಎರಚಿ, ಬೆಳ್ಳಗೆ ಉರಿಯುವಷ್ಟು ಕಾಯಿಸಿ ಬಡಿದರು. ಮೈಗೆ ಅಗ್ಗದ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು: ಕಡಿಮೆ ಬೆಲೆಯ ಕೊಡಲಿಯೂ ಒಳ್ಳೆಯ ಕೊಡಲಿಯಾಗಬಲ್ಲುದೆಂಬುದರ ಗುಟ್ಟು ಇಷ್ಟೇ. ಏಟಿನ ಅದಿರನ್ನು ಮೆದುವಾದ ಮೈ ತಾಳಿಕೊಳ್ಳುತ್ತದೆ, ಮರವನ್ನು ಗಟ್ಟಿಯಾದ ಬಾಯಿ ಸೀಳುತ್ತದೆ.

ಹದ ಕೊಡುವ ಕೆಲಸವನ್ನು ನೋಡುವುದಕ್ಕಾಗಿಯೇ ಯಾರಾದರೂ ಶಿರಸಿಗೆ ಹೋಗಿಬರಬಹುದು. ಕುಲುಮೆಯ ಬಾಗಿಲನ್ನು ಅರ್ಧ ಮುಚ್ಚಿದರು. ಬಿಸಿಲಿನಲ್ಲಿ ಕೆಂಪಿನ ಮಟ್ಟ ತಿಳಿಯುವುದಿಲ್ಲವಂತೆ. ಬಾಯಿಯ ಎರಡು ಬೆರಳಗಲವನ್ನು ಮಾತ್ರ ಹಳೆಯ ಎಂಜಿನ್ ಎಣ್ಣೆಯ ಡಬ್ಬಿಯಲ್ಲಿ ಅದ್ದಿ ತೆಗೆದರು. ಈ ಉಕ್ಕನ್ನು ನೀರಿನಲ್ಲಿ ತಟ್ಟನೆ ತಣಿಸಿದರೆ ಬಿರಿಯುವ ಭಯವುಂಟು. ತೆಗೆದ ಕೂಡಲೇ ಒಂದು ಕಲ್ಲಿನ ಚೂರಿನಿಂದ ಬಾಯಿಯನ್ನು ಉಜ್ಜಿ ಹೊಳಪು ಬರಿಸಿ, ಸುಮ್ಮನೆ ದಿಟ್ಟಿಸುತ್ತ ಕುಳಿತರು. ಹಿಂಭಾಗದಲ್ಲಿ ಉಳಿದಿದ್ದ ಕಾವು ಮುಂದಕ್ಕೆ ಹರಿದುಬರುತ್ತಿದ್ದಂತೆ ಆ ಹೊಳಪಿನ ಮೇಲೆ ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ಬಳಿಕ ನೇರಳೆಯ ಛಾಯೆ ತೇಲಿಬಂದಿತು. ಹಳದಿಯು 220 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಬಣ್ಣ. ನೀಲಿಯು ಸುಮಾರು 300ರದು. ಹಳದಿಯಲ್ಲಿಯೇ ನಿಲ್ಲಿಸಿದರೆ ಬಾಯಿ ಚೂರು ಚೂರಾಗಿ ಸಿಡಿಯುತ್ತದೆ, ನೀಲಿ ದಾಟಲು ಬಿಟ್ಟರೆ ಮಡಿಯುತ್ತದೆ. ನೇರಳೆ ಮೂಡಿದೊಡನೆ ಆಚಾರ್ಯರು ಕೊಡಲಿಯನ್ನು ಪೂರ್ತಿಯಾಗಿ ಎಣ್ಣೆಯೊಳಗೆ ಮುಳುಗಿಸಿದರು. ಉಷ್ಣಮಾಪಕವೆಂಬುದು ಆ ಕುಲುಮೆಯಲ್ಲಿ ಇರಲಿಲ್ಲ.

ಇಂತಹ ಕುಲುಮೆ ಎಲ್ಲರಿಗೂ ಸಮೀಪದಲ್ಲಿರುವುದಿಲ್ಲ. ಅಂಗಡಿಯಲ್ಲಿಯೋ ಸಂತೆಯಲ್ಲಿಯೋ ಕೊಳ್ಳುವವರು ಜೊತೆಗೆ ಒಂದು ಸಣ್ಣ ಅರವನ್ನು ಒಯ್ಯತಕ್ಕದ್ದು. ಬಾಯಿಯ ಮೂಲೆಯ ಮೇಲೆ ಅರವನ್ನು ಮೆಲ್ಲನೆ ಎಳೆದಾಗ ಅದು ಗಾಜಿನ ಮೇಲೆಂಬಂತೆ ಜಾರಿದರೆ ಹದ ಹೆಚ್ಚಾಗಿದೆ. ಬೆಣ್ಣೆಯಲ್ಲಿಳಿದಂತೆ ಇಳಿದರೆ ಹದವೇ ಇಲ್ಲ. ತುಸು ಒತ್ತಿದ ಮೇಲೆ ಕಚ್ಚಿದರೆ ತಕ್ಕುದು. ಅನಂತರ ಕಾವಿನ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಬಾಯಿಯ ಗೆರೆಯೂ ಕಾವಿನ ಗೆರೆಯೂ ಒಂದರಲ್ಲೊಂದು ಕೂಡಬೇಕು. ಮರದ ಎಳೆಗಳು ಕಾವಿನ ಉದ್ದಕ್ಕೂ ಓಡಬೇಕಲ್ಲದೆ ಅಡ್ಡಕ್ಕೆ ಹಾಯ್ದು ಹೊರಬಿದ್ದಿರಬಾರದು. ಅಡ್ಡ ಎಳೆಯ ಕಾವು ಎಷ್ಟು ಚೆಂದವಾಗಿದ್ದರೂ ಒಂದು ದಿನ ಕೈಯಲ್ಲಿಯೇ ಮುರಿಯುತ್ತದೆ. ಬಣ್ಣ ಬಳಿದ ಕಾವನ್ನು ನಾನಾದರೆ ಕೊಳ್ಳಲಾರೆ. ಮುಚ್ಚಿಡುವುದಕ್ಕೆ ಏನೂ ಇಲ್ಲದವನು ಬಣ್ಣ ಬಳಿಯುವುದೇಕೆ?

ಶಿರಸಿಯ ಕಡೆ ಕಾವಿಗೆ ದಿಂಡಲ ಮತ್ತು ದಡಸಲ ಮರಗಳನ್ನು ಮೆಚ್ಚುತ್ತಾರೆ. ದಿಂಡಲವು ಗಟ್ಟಿ, ಗಾಡಿಯ ಅಚ್ಚಿಗೂ ಆಗುವಂತಹುದು. ದಡಸಲವು ಬಳುಕುವ ಗುಣದಿಂದ ಏಟಿನ ಅದಿರನ್ನು ಅಂಗೈಗೆ ಮುಟ್ಟಗೊಡುವುದಿಲ್ಲ. ಯಾವುದಾದರೂ ಸರಿ, ಹಸಿಯಾಗಿರಬಾರದು. ಹಸಿಯ ಕಾವು ಒಣಗಿ ಸಣ್ಣದಾದಾಗ ತಲೆ ಸಡಿಲುತ್ತದೆ. ಹೆಗಡೆಯವರ ನೆರೆಮನೆಯಲ್ಲಿ ಹಿಂದೊಮ್ಮೆ ಹೀಗೆಯೇ ಸಡಿಲಿದ ತಲೆ ಬೀಸಿನ ಮಧ್ಯದಲ್ಲಿ ಕಳಚಿ ಹಾರಿ, ಜಗುಲಿಯ ಕಂಬಕ್ಕೆ ಬಡಿಯಿತಂತೆ. ಕಂಬದಿಂದ ಒಂದು ಮಾರು ದೂರದಲ್ಲಿ ಮೂರು ವರ್ಷದ ಕೂಸು ಆಡುತ್ತಿತ್ತು. ಕಂಬದ ಮೇಲಿನ ಆ ಕಚ್ಚನ್ನು ನನಗೂ ತೋರಿಸಿದರು; ಬೆರಳು ಇಳಿಯುವಷ್ಟು ಆಳವಾಗಿದೆ. ಆ ಮನೆಯಲ್ಲಿ ಅಂದಿನಿಂದ ಕೊಡಲಿಯನ್ನು ಎತ್ತುವ ಮೊದಲು ತಲೆಯನ್ನು ಹಿಡಿದು ಅಲುಗಿಸಿ ನೋಡದೆ ಯಾರೂ ಬೀಸುವುದಿಲ್ಲ, ಮಕ್ಕಳು ಅಂಗಳದಲ್ಲಿರುವಾಗ ಸೌದೆ ಒಡೆಯುವುದೂ ಇಲ್ಲ.

ಸಡಿಲಿದ ಕೊಡಲಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕುವ ರೂಢಿ ಎಲ್ಲೆಡೆಯಲ್ಲಿಯೂ ಇದೆ. ಬೆಳಿಗ್ಗೆ ಮರ ಉಬ್ಬಿ ಬಿಗಿಯಾಗುವುದೇನೋ ನಿಜ. ಆದರೆ ಉಬ್ಬಿದ ಎಳೆಗಳು ಕಬ್ಬಿಣಕ್ಕೆ ಒತ್ತಿ ನಜ್ಜುಗುಜ್ಜಾಗಿ, ಒಣಗಿದ ಮೇಲೆ ಮೊದಲಿಗಿಂತಲೂ ಹೆಚ್ಚು ಸಡಿಲವಾಗುತ್ತವೆ. ಮಲೆನಾಡಿನ ನಾಲ್ಕು ತಿಂಗಳ ಮಳೆ ಮತ್ತು ಚೈತ್ರದ ಬಿಸಿಲು ಇದೇ ಆಟವನ್ನು ವರ್ಷವರ್ಷವೂ ಆಡುತ್ತಿರುವುದರಿಂದ ಅಲ್ಲಿಯ ಜನಕ್ಕೆ ಇದು ಚೆನ್ನಾಗಿ ಗೊತ್ತು. ಅವರು ಹೊಸದೊಂದು ಒಣ ಬೆಣೆಯನ್ನು ಹೊಡೆದು, ತುದಿಗೆ ಅಗಸೆಯೆಣ್ಣೆಯನ್ನು ಕುಡಿಸುತ್ತಾರೆ.

ಆ ಸಂಜೆ ಹೆಗಡೆಯವರ ಜಗುಲಿಯಲ್ಲಿ ಮಾತು ಬೇರೊಂದು ದಾರಿ ಹಿಡಿಯಿತು. ಕೊಡಲಿಯ ಕಾವು ತನ್ನ ಕುಲಕ್ಕೇ ಮೃತ್ಯುವೆಂಬ ಗಾದೆಯನ್ನು ಈ ತಾಲೂಕಿನ ಜನ ಕೇಳಿ ತಿಳಿದುದಲ್ಲ, ಕಂಡು ತಿಳಿದುದು. ಕಾರ್ಖಾನೆಗಳಿಗಾಗಿ ಇಲ್ಲಿಯ ಕಾಡು ಉರುಳುತ್ತಿದ್ದ ಕಾಲದಲ್ಲಿ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿಯ ಹತ್ತಿರದ ಕಳಾಸೆಯ ಕಾಡಿನಲ್ಲಿ ಹಳ್ಳಿಯ ಗಂಡಸರೂ ಹೆಂಗಸರೂ ಮರಗಳನ್ನು ತಬ್ಬಿ ನಿಂತು ಕೊಡಲಿಗಳನ್ನು ತಡೆದರು. ಹಿಮಾಲಯದ ಚಿಪ್ಕೊ ಚಳವಳಿ 1973ರಲ್ಲಿ ತೋರಿದ ದಾರಿಯನ್ನು ಇಲ್ಲಿ 'ಅಪ್ಪಿಕೊ' ಎಂದು ಕರೆದರು. ಪಾಂಡುರಂಗ ಹೆಗಡೆಯವರ ಹೆಸರು ಅದರೊಡನೆ ಬೆರೆತುಹೋಗಿದೆ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳು ಅದರ ಘೋಷಣೆಯಾಗಿದ್ದವು.

"ಹಾಗಾದರೆ ನಿಮ್ಮ ಮನೆಯ ಬಾಗಿಲ ಹಿಂದೆ ಕೊಡಲಿ ಏಕೆ?" ಎಂದು ನಾನು ಸಲಿಗೆಯಿಂದ ಕೇಳಿದೆನು. ಉತ್ತರವನ್ನು ಕೊಟ್ಟವರು ಒಳಗೆ ಹೂಬತ್ತಿ ಹೊಸೆಯುತ್ತಿದ್ದ ಅವರ ತಾಯಿ. "ಮೂರನೆಯ ಮಾತು ಬಳಸು ಎಂದಲ್ಲವೋ ತಮ್ಮಾ? ಬಿದ್ದದ್ದನ್ನು ಒಡೆಯುವುದಕ್ಕೆ ಸಣ್ಣ ಕೊಡಲಿ ಸಾಕು. ನಿಂತದ್ದನ್ನು ಕೆಡಹುವುದಕ್ಕೆ ದೊಡ್ಡದು ಬೇಕು. ನಮ್ಮಲ್ಲಿ ದೊಡ್ಡದಿಲ್ಲ."

ಈ ಮಾತಿನ ಹಿಂದೆ ಬಹುಕಾಲದ ಒಂದು ವ್ಯವಸ್ಥೆಯಿದೆ. ಆಂಗ್ಲರ ಆಳ್ವಿಕೆಯ ಕಾಲದಿಂದ ಈ ಸೀಮೆಯ ತೋಟಿಗರಿಗೆ ಸೊಪ್ಪಿನ ಬೆಟ್ಟದ ಹಕ್ಕು ಇದೆ. ತೋಟಕ್ಕೆ ಹಸಿರೆಲೆಯ ಗೊಬ್ಬರವೂ ಮನೆಗೆ ಒಣಸೌದೆಯೂ ಅಲ್ಲಿಂದ ಬರಬೇಕು. ಬೆಟ್ಟ ಬೋಳಾದರೆ ತೋಟವೂ ಬರಡಾಗುತ್ತದೆ. ಬಯಲುಸೀಮೆಯ ನಮಗೂ ಇದರಲ್ಲಿ ತಿಳಿಯತಕ್ಕದ್ದುಂಟು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಲಿನ ಮರವನ್ನಾದರೂ ಅಧಿಕಾರಿಯ ಅಪ್ಪಣೆಯಿಲ್ಲದೆ ಕಡಿಯುವ ಹಾಗಿಲ್ಲ.

ಮೂರನೆಯ ದಿನ ಕೊಡಲಿ ಕೈಗೆ ಬಂದಿತು. ಬೆಲೆಯು ಪೇಟೆಯ ಒಂದು ಜೊತೆ ಸಾಧಾರಣ ಚಪ್ಪಲಿಗಳಿಗಿಂತ ಹೆಚ್ಚಿರಲಿಲ್ಲ. ಕೊಡುವಾಗ ಆಚಾರ್ಯರು ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದನ್ನು ಮಗಳನ್ನು ಗಂಡನ ಮನೆಗೆ ಕಳುಹಿಸುವ ತಂದೆಯಂತೆ ಹೇಳಿದರು. ಕಲ್ಲಿನ ಮೇಲೆಯೂ ಬರಿಯ ನೆಲದ ಮೇಲೆಯೂ ಸೌದೆಯನ್ನಿಟ್ಟು ಒಡೆಯಬಾರದು. ಮೊಣಕಾಲೆತ್ತರದ ಒಂದು ಕೊರಡು ಬೇಕು. ಕೊಡಲಿ ಸೌದೆಯಲ್ಲಿ ಸಿಕ್ಕಿಕೊಂಡಾಗ ಅದರ ಬೆನ್ನಿಗೆ ಸುತ್ತಿಗೆಯಿಂದ ಬಡಿದರೆ ಮಡಿಚಿ ಮಾಡಿದ ತೂತು ಸೊಟ್ಟಗಾಗುತ್ತದೆ. ಮುರಿದ ಕಾವನ್ನು ತೆಗೆಯಲು ಸೋಮಾರಿಗಳು ತಲೆಯನ್ನು ಒಲೆಗೆ ಹಾಕುವುದುಂಟು. ಹದವೆಲ್ಲ ಅಲ್ಲಿಯೇ ಹೋಗುತ್ತದೆ. ವಿದ್ಯುತ್ತಿನ ಸಾಣೆಗೆ ಕೊಟ್ಟರೂ ಇದೇ ಗತಿ. ಕಿಡಿ ಹಾರುವ ಅಂದಕ್ಕೆ ಮರುಳಾಗಿ ನಿಂತರೆ ಬಾಯಿ ನೀಲಿಗಟ್ಟುತ್ತದೆ. ಕೊಡಲೇಬೇಕಾದರೆ ಎರಡೆರಡು ಉಜ್ಜಿಗೊಮ್ಮೆ ನೀರಿನಲ್ಲಿ ಅದ್ದಿಸಬೇಕು.

ಮನೆಯಲ್ಲಿಯೇ ಮಸೆಯುವುದು ಇದಕ್ಕಿಂತ ಉತ್ತಮ. ಕಚ್ಚುಗಳು ಬಿದ್ದಿದ್ದರೆ ಅರದಿಂದ ಸಮಮಾಡಿ, ಬಳಿಕ ಒದ್ದೆಯ ಮಸೆಗಲ್ಲನ್ನು ಸಣ್ಣ ಸುತ್ತುಗಳಲ್ಲಿ ಎರಡು ಮಗ್ಗುಲಿಗೂ ಸರಿಸಮವಾಗಿ ಆಡಿಸಬೇಕು. ಎರಡು ಮಗ್ಗುಲುಗಳೂ ಕೂಡುವ ಕೋನವು 25ರಿಂದ 30 ಡಿಗ್ರಿಯಷ್ಟಿರಲಿ. ಕ್ಷೌರದ ಕತ್ತಿಯ ಹಾಗೆ ತೆಳುಮಾಡುವ ಚಪಲವು ಬೇಡ. ಒಣ ಜಾಲಿಯ ಮೊದಲ ಗಂಟಿಗೇ ಅದು ಮುಕ್ಕಾಗುತ್ತದೆ. ಮಳೆಗಾಲಕ್ಕೆ ಮುಂಚೆ ಕಬ್ಬಿಣಕ್ಕೆಲ್ಲ ಕೊಬ್ಬರಿ ಎಣ್ಣೆಯನ್ನು ಸವರಿ, ಹಳೆಯ ಸೈಕಲ್ ಟಯರಿನ ತುಂಡನ್ನು ಸೀಳಿ ಬಾಯಿಗೆ ತೊಡಿಸಿ, ಮಕ್ಕಳ ಕೈಗೆಟುಕದ ಗೂಟಕ್ಕೆ ತೂಗಹಾಕುವುದು.

ಕುಲುಮೆಯಲ್ಲಿ ಕೆಲಸ ಕಲಿಯುವ ಹುಡುಗರು ಯಾರೂ ಕಾಣಲಿಲ್ಲ. ಕೇಳಲಾಗಿ, ಮಗನು ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿಯ ಕೆಲಸಕ್ಕಿದ್ದಾನೆಂದು ಹೇಳಿದರು. ಅಲ್ಲಿಂದಲೇ ಅವನು ಒಡೆದ ಸ್ಪ್ರಿಂಗ್ ಪಟ್ಟಿಗಳನ್ನು ತಂದೆಗೆ ಕಳುಹಿಸಿಕೊಡುತ್ತಾನೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗೆ ಮತ್ತೆ ಬರುವುದಾದರೆ ಕೊಡಲಿಯನ್ನು ಚೀಲದಲ್ಲಿಟ್ಟು ತರಬೇಕೆಂದೂ, ಬಾಯಿಯನ್ನು ನೋಡಿ ಸರಿಮಾಡಿ ಕೊಡುವುದಾಗಿಯೂ, ಅದಕ್ಕೆ ಹಣ ಬೇಡವೆಂದೂ ಹೇಳಿ, ಚೆನ್ನಾಗಿ ಒಣಗಿದ ದಡಸಲದ ಎರಡು ಬೆಣೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು.