ದಡದಲ್ಲಿ ಕುಳಿತವರು

ಸಂಗೀತ, ಚಿತ್ರಕಲೆ, ಚದುರಂಗ, ಇಂಗ್ಲಿಷ್ ಸಂಭಾಷಣೆ: ಬೇಸಿಗೆಯ ರಜೆ ಬಂತೆಂದರೆ ಮಕ್ಕಳಿಗೆ ಕಲಿಸುವ ವಿದ್ಯೆಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಇವುಗಳಲ್ಲಿ ಯಾವುದನ್ನು ಕಲಿಯದಿದ್ದರೂ ಜೀವನ ಸಾಗುತ್ತದೆ. ಹಾಡಲು ಬಾರದವನು ಕೇಳಿ ಸುಖಪಡಬಹುದು. ಚದುರಂಗ ಬಾರದವನು ಆಡುವವರಿಗೆ ಸಲಹೆ ಕೊಟ್ಟು ಕಾಲ ಕಳೆಯಬಹುದು. ಈಜು ಮಾತ್ರ ಹಾಗಲ್ಲ. ಅಂಬಿಗನಿಗೆ ವ್ಯಾಕರಣ ಬಾರದೆಂದು ದೋಣಿಯಲ್ಲಿ ಕುಳಿತು ಮರುಗಿದ ಪಂಡಿತನ ಕಥೆ ಎಲ್ಲರಿಗೂ ಗೊತ್ತು. ದೋಣಿ ಮಗುಚಿದಾಗ ವ್ಯಾಕರಣ ಕೈಹಿಡಿಯಲಿಲ್ಲ.

ನನ್ನ ತಲೆಮಾರಿನ ಹಳ್ಳಿಯ ಹುಡುಗರಿಗೆ ಈ ವಿದ್ಯೆಗೆ ಶುಲ್ಕವಿರಲಿಲ್ಲ. ತೋಟದ ಬಾವಿ, ಸೊಂಟಕ್ಕೆ ಕಟ್ಟಿದ ಹಗ್ಗ, ಬೆನ್ನಿಗೆ ಬಿಗಿದ ಒಣ ಸೋರೆಬುರುಡೆ, ಹಗ್ಗದ ಇನ್ನೊಂದು ತುದಿಯಲ್ಲಿ ಸೋದರಮಾವ. ಇಷ್ಟೇ ಶಾಲೆ. ಮಾವ ಹೇಳದೆ ಕೇಳದೆ ನೂಕಿಬಿಡುತ್ತಿದ್ದರು. ಮುಳುಗಿ, ನೀರು ಕುಡಿದು, ಮೇಲೆದ್ದು ಅಳುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಹೀಗೆ ಕಲಿತವರು ಅದೇ ಶ್ರೇಷ್ಠ ಕ್ರಮವೆಂದು ಇಂದಿಗೂ ಹೊಗಳುತ್ತಾರೆ. ಆ ಒಂದು ನೂಕಿಗೇ ಜೀವಮಾನವೆಲ್ಲ ನೀರಿಗೆ ಬೆನ್ನುಹಾಕಿದವರು ಸುಮ್ಮನಿರುತ್ತಾರೆ. ಹೆಣ್ಣುಮಕ್ಕಳನ್ನಂತೂ ಬಾವಿಯ ಹತ್ತಿರ ಬಿಡುತ್ತಿದ್ದುದು ನೀರು ಸೇದುವುದಕ್ಕೆ ಮಾತ್ರ.

ನಗರದಲ್ಲಿ ಆ ಬಾವಿಯೂ ಇಲ್ಲ. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣವಿದೆ. ಉಳಿದ ಕೆರೆಗಳಲ್ಲಿ ಅನೇಕವಕ್ಕೆ ಮಕ್ಕಳಿರಲಿ, ಎಮ್ಮೆಯನ್ನು ಇಳಿಸಲೂ ಮನಸ್ಸು ಬಾರದು. ಆದ್ದರಿಂದ ಹಣ ಕಟ್ಟಿ ಈಜುಕೊಳಕ್ಕೆ ಹೋಗಬೇಕು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಏಳು ವರ್ಷದ ಮೊಮ್ಮಗಳನ್ನೂ ನಾಲ್ಕೂವರೆ ವರ್ಷದ ಮೊಮ್ಮಗನನ್ನೂ ಏಪ್ರಿಲ್ ತಿಂಗಳಿಡೀ ಬೆಳಿಗ್ಗೆ ಏಳು ಗಂಟೆಗೆ ಕೊಳ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಕಷ್ಟ ನೀರಿನದಲ್ಲ, ಟೋಪಿಯದು. ಆ ರಬ್ಬರಿನ ಟೋಪಿಯನ್ನು ಮಗುವಿನ ತಲೆಗೆ ಹಾಕುವುದೆಂದರೆ ಸುಲಿದ ಸಿಪ್ಪೆಯನ್ನು ಕಿತ್ತಳೆಗೆ ಮತ್ತೆ ತೊಡಿಸಿದಂತೆ. ಎರಡನೆಯ ಕಷ್ಟ ಬಟ್ಟೆ ಬದಲಾಯಿಸುವ ಕೋಣೆಯದು. ಒಂದರ ಮೇಲೆ ‘ಪುರುಷರು’, ಇನ್ನೊಂದರ ಮೇಲೆ ‘ಮಹಿಳೆಯರು’. ಮೊಮ್ಮಗಳನ್ನು ಕರೆತಂದ ತಾತ ಯಾವುದನ್ನು ಹೊಗಬೇಕೆಂದು ಬರೆದಿರಲಿಲ್ಲ. ಒದ್ದೆಯಾದ ಈಜುಡುಗೆ ಮೈಗೆ ಅಂಟಿ, ಪಟ್ಟಿಗಳು ತೋಳಿಗೆ ಸುತ್ತಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಾಗ ಪರಿಚಯವಿಲ್ಲದ ತಾಯಿಯೊಬ್ಬರು, “ಬಿಡಿ ಅಂಕಲ್, ನಾನು ನೋಡ್ಕೋತೀನಿ” ಎಂದು ಒಳಗೆ ಕರೆದುಕೊಂಡು ಹೋದರು. ಬದಲಿಗೆ ಅವರ ಕೈಕೂಸು ನನ್ನ ತೊಡೆಗೆ ಬಂತು. ಆ ತಿಂಗಳೆಲ್ಲ ಈ ಒಪ್ಪಂದ ನಡೆಯಿತು.

ಇನ್ನು ಚಿಕ್ಕವನು. ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು ಎಂಬ ಗಾದೆ ಮಾಡಿದವರು ನಾಲ್ಕೂವರೆ ವರ್ಷದ ಹುಡುಗನನ್ನು ಬೆಳಿಗ್ಗೆ ನೀರಿಗಿಳಿಸಿ ನೋಡಿದಂತಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಪುಟ್ಟ ಮೈ ದೊಡ್ಡವರ ಮೈಗಿಂತ ಬೇಗ ತಣ್ಣಗಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಹಲ್ಲು ಕಟಕಟಿಸುತ್ತಿತ್ತು, ತುಟಿ ನೇರಳೆಹಣ್ಣಾಗುತ್ತಿತ್ತು. ಅದಕ್ಕೂ ಮುಂಚೆ ಅವನು ಇಳಿಯಬೇಕಲ್ಲ! ಮೊದಲ ಮೂರು ದಿನ ಮೆಟ್ಟಿಲಿನ ಕಂಬಿಯನ್ನು ತಬ್ಬಿ ಅತ್ತ. ದಡದಲ್ಲಿದ್ದ ತಂದೆತಾಯಿಗಳೆಲ್ಲ “ಕಾಲು ಬಡಿ, ಕೈ ಬಿಡು” ಎಂದು ಉಪದೇಶ ಮಾಡಿದರು. ಅವರಲ್ಲಿ ಹೆಚ್ಚಿನವರಿಗೆ ಈಜು ಬಾರದು.

ಕಲಿಸುವ ತರುಣ ಜಾಣ. “ಸಾರ್, ನೀವು ಸ್ವಲ್ಪ ಹಿಂದೆ ಕೂತ್ಕೊಳ್ಳಿ. ನಿಮ್ಮ ಮುಖ ನೋಡಿದ್ರೆ ಅವನಿಗೆ ಅಳು ಜಾಸ್ತಿಯಾಗುತ್ತೆ” ಎಂದ. ಹುಡುಗನನ್ನು ನೂಕಲಿಲ್ಲ. ಒಂದು ಪ್ಲಾಸ್ಟಿಕ್ ಮಗ್ಗು ಕೊಟ್ಟು, “ನನ್ನ ತಲೆ ಮೇಲೆ ನೀರು ಹಾಕು” ಎಂದ. ಗುರುವಿನ ತಲೆಯ ಮೇಲೆ ನೀರು ಸುರಿಯುವ ಅವಕಾಶವನ್ನು ಯಾವ ಶಿಷ್ಯ ಬಿಟ್ಟಾನು? ಐದನೆಯ ದಿನ ತನ್ನ ತಲೆಗೂ ಹಾಕಿಕೊಂಡ. ಒಂಬತ್ತನೆಯ ದಿನ ಮುಖವನ್ನು ನೀರಿಗಿಟ್ಟು ಬುಡುಬುಡು ಗುಳ್ಳೆ ಬಿಟ್ಟ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಅವರು ಐದನೆಯ ವಯಸ್ಸಿನಲ್ಲಿ ಮುಳುಗುವುದರಲ್ಲಿದ್ದು ಪಾರಾದವರು. ಆ ಭಯ ಕಳೆಯಲೆಂದೇ ತಂದೆ ಅವರಿಗೆ ಈಜು ಕಲಿಸಿದರು. ಆದ್ದರಿಂದ ಹೆದರುವ ಮಗುವಿನ ವಿಷಯದಲ್ಲಿ ನಿರಾಶೆ ಬೇಡ. ನನ್ನ ಅನುಭವದಲ್ಲಿ ಎಚ್ಚರಿಕೆ ಬೇಕಾದದ್ದು ಹೆದರಿಕೆ ಬಿಟ್ಟ ಮಗುವಿನ ವಿಷಯದಲ್ಲಿ.

ಮೊಮ್ಮಗಳಿಗೆ ಮೊದಲಿನಿಂದಲೂ ಭಯವಿರಲಿಲ್ಲ. ಎರಡನೆಯ ವಾರದ ಕೊನೆಗೆ ಹಲಗೆ ಹಿಡಿದು ಅಗಲಕ್ಕೆ ಹೋಗಿಬರುತ್ತಿದ್ದಳು. ಒಂದು ಬೆಳಿಗ್ಗೆ ಗುರು ಇನ್ನೊಂದು ಮಗುವಿನ ಕೈ ತಿದ್ದುತ್ತಿದ್ದಾಗ ಹಲಗೆ ಬಿಟ್ಟು, ನೆಲ ಇಳಿಜಾರಾಗುವ ಕಡೆಗೆ ಹೋದಳು. ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು. ಬಾಯಿ ಒಮ್ಮೆ ನೀರಿನ ಮೇಲೆ, ಒಮ್ಮೆ ಕೆಳಗೆ. ಕಂಡವರು ಆಟವೆಂದುಕೊಳ್ಳಬೇಕು, ಹಾಗಿತ್ತು. ನಾನು ಎದ್ದು ನಿಂತು ಕೂಗಿದೆ. ತರುಣ ಎರಡೇ ಬೀಸಿಗೆ ತಲುಪಿ ಎತ್ತಿಕೊಂಡ. ಎಲ್ಲ ಸೇರಿ ಅರ್ಧ ನಿಮಿಷವಾಗಿರಲಾರದು. ಕೆಮ್ಮು ನಿಂತ ಮೇಲೆ, “ಕೂಗಬಾರದಿತ್ತೇನೇ?” ಎಂದು ಕೇಳಿದೆ. “ಹೇಗೆ ಕೂಗೋದು ತಾತ? ಬಾಯಿ ತುಂಬ ನೀರು” ಎಂದಳು.

ಸಿನಿಮಾದಲ್ಲಿ ಮುಳುಗುವವರು “ಕಾಪಾಡಿ” ಎನ್ನುತ್ತಾರೆ. ನಿಜವಾಗಿ ಮುಳುಗುವವರಿಗೆ ಉಸಿರಿಗೇ ಬಿಡುವಿಲ್ಲ, ಮಾತಿಗೆಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಹೀಗೆ ಸತ್ತವರು ಸುಮಾರು 3 ಲಕ್ಷ. ಇಂಥ ಸಾವುಗಳಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳದು. ಹೆದರಿಕೆ ಹೋಗಿ, ವಿದ್ಯೆ ಇನ್ನೂ ಬಾರದ ನಡುವಿನ ಕಾಲವೊಂದು ಪ್ರತಿ ಮಗುವಿಗೂ ಇರುತ್ತದೆ. ಆಗ ಅದರ ಸೋರೆಬುರುಡೆಯೂ ಹಗ್ಗವೂ ದಡದಲ್ಲಿ ಕುಳಿತವರ ಕಣ್ಣೇ.

ಮರುದಿನ ಅವಳು ಬರುವಳೋ ಇಲ್ಲವೋ ಎಂದುಕೊಂಡಿದ್ದೆ. ಬಂದಳು. ಮೆಟ್ಟಿಲ ಪಕ್ಕದಲ್ಲೇ ಅಂಗಾತ ತೇಲುವುದನ್ನು ಅಭ್ಯಾಸ ಮಾಡಿದಳು, ಗುರುವಿನ ಒಂದು ಬೆರಳನ್ನು ಮಾತ್ರ ಹಿಡಿದುಕೊಂಡು.

ದಡದ ಬೆಂಚಿನಲ್ಲಿ ನನ್ನ ಜೊತೆಗೆ ದಿನವೂ ಹತ್ತು ಹನ್ನೆರಡು ಮಂದಿ ಕುಳಿತಿರುತ್ತಾರೆ. ಹೆಚ್ಚಿನವರ ಕೈಯಲ್ಲಿ ಮೊಬೈಲು. ಪಕ್ಕದ ಹಿರಿಯರೊಬ್ಬರು ಮಾತ್ರ ಹಳೆಯ ಕಾಲದವರು, ಪತ್ರಿಕೆ ತರುತ್ತಾರೆ. ಒಂದು ಹಾಳೆಯನ್ನು ಸ್ನೇಹದಿಂದ ನನಗೂ ಚಾಚುತ್ತಾರೆ. ನಾನು ಅದನ್ನು ಮಡಿಸಿ ತೊಡೆಯ ಕೆಳಗಿಟ್ಟುಕೊಂಡು ನೀರಿನಲ್ಲಿರುವ ಎರಡು ಟೋಪಿಗಳನ್ನು, ಒಂದು ಕೆಂಪು, ಒಂದು ಹಳದಿ, ಎಣಿಸುತ್ತಿರುತ್ತೇನೆ. ಪತ್ರಿಕೆ ಓದುವುದು ಮನೆಗೆ ಬಂದ ಮೇಲೆ. ಸುದ್ದಿ ಒಂದು ಗಂಟೆ ತಡವಾಗಿ ತಿಳಿದರೆ ಲೋಕವೇನೂ ಮುಳುಗಿಹೋಗುವುದಿಲ್ಲ.